ತಳ ಸೇರಿದ ಎನ್‌ಬಿಎ ತಂಡವನ್ನು ಡ್ರಾಫ್ಟ್‌ನಿಂದ ಕಟ್ಟುವುದು: ಒಕ್ಲಹೋಮ ಸಿಟಿ ಮಾಡಿದ್ದೇನು, ಬೇರೆಯವರು ಎಡವಿದ್ದೆಲ್ಲಿ?

ಕೊನೇ_ಕ್ವಾರ್ಟರ್:

ಹೊಸಬರಿಗೆ ಒಂದು ಮಾತು: ಎನ್‌ಬಿಎ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳು ವರ್ಷಕ್ಕೊಮ್ಮೆ ಎರಡು ಸುತ್ತಿನಲ್ಲಿ, ಸರದಿಯಂತೆ ಹೊಸ ಹುಡುಗರನ್ನು ಆರಿಸುವುದೇ ಡ್ರಾಫ್ಟ್; ಆ ಸರದಿಯೇ ಪಿಕ್. ಒಕ್ಲಹೋಮ ಸಿಟಿ ಥಂಡರ್ 2020-21ರಲ್ಲಿ ಗೆದ್ದಿದ್ದು 22, ಸೋತಿದ್ದು 50. ಮರುವರ್ಷ 24-58. ಆ ಸೀಸನ್‌ನ ಡಿಸೆಂಬರ್‌ನಲ್ಲಿ ಮೆಂಫಿಸ್ ಕೈಯಲ್ಲಿ 152-79ರಿಂದ ಸೋತರು. 73 ಅಂಕಗಳ ಅಂತರ, ಲೀಗ್ ಇತಿಹಾಸದಲ್ಲೇ ಅತಿ ದೊಡ್ಡದು. ಆಮೇಲೆ 40-42, 57-25, ಕೊನೆಗೆ 2024-25ರಲ್ಲಿ 68-14. ಫೈನಲ್ಸ್‌ನಲ್ಲಿ ಇಂಡಿಯಾನಾವನ್ನು ಏಳನೇ ಪಂದ್ಯದಲ್ಲಿ ಸೋಲಿಸಿ ಕಪ್ ಎತ್ತಿದರು.

ಇದನ್ನು ನೋಡಿ ಬಹಳ ಜನ "ಎರಡು ವರ್ಷ ಸೋತರು, ಒಳ್ಳೆ ಪಿಕ್ ಸಿಕ್ಕಿತು, ಗೆದ್ದರು" ಅನ್ನುತ್ತಾರೆ. ಲೆಕ್ಕ ಬಿಡಿಸಿದರೆ ಹಾಗೆ ಕಾಣುವುದಿಲ್ಲ. ಸೋತು ಗಳಿಸಿದ ದೊಡ್ಡ ಪಿಕ್‌ಗಳು ಎರಡೇ: 2021ರಲ್ಲಿ 6ನೇ ಪಿಕ್ ಜಾಷ್ ಗಿಡ್ಡಿ, 2022ರಲ್ಲಿ 2ನೇ ಪಿಕ್ ಚೆಟ್ ಹೋಮ್‌ಗ್ರೆನ್. ಗಿಡ್ಡಿಯನ್ನು 2024ರಲ್ಲಿ ಷಿಕಾಗೋಗೆ ಕೊಟ್ಟು ಅಲೆಕ್ಸ್ ಕರುಸೋನನ್ನು ತಂದರು. ತಂಡದ ಅತ್ಯುತ್ತಮ ಇಬ್ಬರು ಆಟಗಾರರು ಬಂದ ದಾರಿಯೇ ಬೇರೆ. ಷೇ ಗಿಲ್ಜಸ್-ಅಲೆಕ್ಸಾಂಡರ್ 2018ರ 11ನೇ ಪಿಕ್. 2019ರ ಜುಲೈನಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಮಾರಿದಾಗ ಬಂದವನು. ಜೇಲನ್ ವಿಲಿಯಮ್ಸ್ 2022ರ 12ನೇ ಪಿಕ್. ಆ ಪಿಕ್ ಕೂಡ ಅದೇ ಟ್ರೇಡ್‌ನಲ್ಲಿ (ತಂಡಗಳ ನಡುವೆ ಆಟಗಾರರ, ಪಿಕ್‌ಗಳ ವಿನಿಮಯ) ಬಂದ ಕ್ಲಿಪ್ಪರ್ಸ್‌ನದ್ದು. ಲೂ ಡಾರ್ಟ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ. ಏರನ್ ವಿಗಿನ್ಸ್ 55ನೇ ಪಿಕ್. ಐಸೇಯ ಜೋ ಫಿಲಡೆಲ್ಫಿಯಾ ಕೈಬಿಟ್ಟ ಹುಡುಗ.

ನನ್ನ ವಾದ ಇಷ್ಟು. ಎಷ್ಟು ಸೋತಿರಿ ಅನ್ನುವುದಕ್ಕಿಂತ ಎಷ್ಟು ಸಲ ಆರಿಸುವ ಅವಕಾಶ ಕೂಡಿಸಿಕೊಂಡಿರಿ, ಬಂದ ಹುಡುಗರು ಒಂದೇ ಹೊತ್ತಿಗೆ ಮಾಗುವ ಹಾಗೆ, ಅವರ ದೊಡ್ಡ ಸಂಬಳಕ್ಕೆ ಜಾಗ ಇರುವ ಹಾಗೆ ಕಾಂಟ್ರಾಕ್ಟ್ ಹೇಗೆ ಜೋಡಿಸಿದಿರಿ ಅನ್ನುವುದರ ಮೇಲೆ ಕಟ್ಟಡ ನಿಲ್ಲುತ್ತದೆ. ಒಪ್ಪದವರು ಬರೆಯಿರಿ. ಅಂಕಿ ಇಟ್ಟುಕೊಂಡು ಮಾತಾಡೋಣ.

ಲೆಕ್ಕದ_ಪುಸ್ತಕ:

ಒಪ್ಪುತ್ತೇನೆ. ಲಾಟರಿಯ ಲೆಕ್ಕವೇ ನಿಮ್ಮ ಮಾತಿಗೆ ಸಾಕ್ಷಿ. ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಐಪಿಎಲ್ ಹರಾಜು ನೋಡಿದವರು ಇದನ್ನೂ ದುಡ್ಡಿನ ಪೈಪೋಟಿ ಅಂದುಕೊಳ್ಳುತ್ತಾರೆ. ಇಲ್ಲಿ ಬೋಲಿ ಇಲ್ಲ. ಸರದಿ ಮಾತ್ರ ಇದೆ, ಆ ಸರದಿಗೆ ಲಾಟರಿ.

ಪ್ಲೇಆಫ್ ಸೇರದ 14 ತಂಡ. ಯಂತ್ರದಲ್ಲಿ 1ರಿಂದ 14ರವರೆಗೆ ನಂಬರ್ ಇರುವ 14 ಚೆಂಡು. ನಾಲ್ಕು ಚೆಂಡು ಎತ್ತಿದರೆ ಆಗುವ ಜೋಡಣೆ 1001. ಒಂದನ್ನು ಬಿಟ್ಟು ಉಳಿದ 1000ವನ್ನು ತಂಡಗಳಿಗೆ ಹಂಚುತ್ತಾರೆ. 2019ರಲ್ಲಿ ಬಂದ ನಿಯಮದಂತೆ ಕೆಳಗಿನ ಮೂರೂ ತಂಡಗಳಿಗೆ ತಲಾ 140 ಜೋಡಣೆ, ಅಂದರೆ ಶೇ. 14. ನಾಲ್ಕನೆಯದಕ್ಕೆ 12.5, ಐದನೆಯದಕ್ಕೆ 10.5, ಹೀಗೆ ಇಳಿದು 14ನೆಯದಕ್ಕೆ 0.5. ಅದಕ್ಕೂ ಮೊದಲು ಕಟ್ಟಕಡೆಯ ತಂಡಕ್ಕೆ ಶೇ. 25 ಇತ್ತು. ಲಾಟರಿಯಲ್ಲಿ ಎತ್ತುವುದು ಮೊದಲ ನಾಲ್ಕು ಸ್ಥಾನವನ್ನಷ್ಟೇ. ಐದರಿಂದ ಮುಂದೆ ಸೋಲಿನ ಕ್ರಮ.

ಇದರಿಂದ ಏನಾಯಿತು ನೋಡಿ. ಕಡೆಯ ತಂಡ 5ಕ್ಕಿಂತ ಕೆಳಗೆ ಇಳಿಯದು, ಆದರೆ 5ಕ್ಕೇ ಇಳಿಯುವ ಸಾಧ್ಯತೆ ಶೇ. 47.9. ಕೆಳಗಿನಿಂದ ಎರಡನೆಯದು 6ಕ್ಕೆ, ಮೂರನೆಯದು 7ಕ್ಕೆ ಜಾರಬಹುದು. ಹಾಗಾಗಿ ಮೂರನೆಯವರಿಗಿಂತ ಇನ್ನೂ ಐದಾರು ಪಂದ್ಯ ಹೆಚ್ಚು ಸೋತರೆ ಸಿಗುವುದು ಮೊದಲ ಪಿಕ್ ಅಲ್ಲ, ಬೀಳುವಾಗ ಎರಡು ಮೆಟ್ಟಿಲು ಮೇಲೆ ನಿಲ್ಲುವ ಭರವಸೆ.

2019ರಿಂದ 2025ರವರೆಗಿನ ಏಳು ಲಾಟರಿಯಲ್ಲಿ ಲೀಗ್‌ನ ಕಟ್ಟಕಡೆಯ ತಂಡ ಒಮ್ಮೆಯೂ ಮೊದಲ ಪಿಕ್ ಪಡೆದಿಲ್ಲ. 2023ರಲ್ಲಿ ಡೆಟ್ರಾಯ್ಟ್, 2024ರಲ್ಲಿ ಮತ್ತೆ ಡೆಟ್ರಾಯ್ಟ್, 2025ರಲ್ಲಿ ಯೂಟಾ, ಮೂವರೂ ಐದಕ್ಕೆ ಬಿದ್ದರು. 17-65ರಲ್ಲಿ ಮುಗಿಸಿದ ಯೂಟಾ ನೋಡುತ್ತಿದ್ದ ಹಾಗೆ ಶೇ. 1.8 ಸಾಧ್ಯತೆಯ ಡಲ್ಲಸ್ ಮೊದಲ ಪಿಕ್ ಗೆದ್ದು ಕೂಪರ್ ಫ್ಲಾಗ್‌ನನ್ನು ಒಯ್ದಿತು.

ಹುಬ್ಬಳ್ಳಿ_ಹೂಪ್ಸ್:

ಫಿಲಡೆಲ್ಫಿಯಾದ್ದು ತೆಗೀದ ಈ ಮಾತು ಪೂರಾ ಆಗಂಗಿಲ್ಲ ನೋಡ್ರಿ. ತಂಡ ಕಟ್ಟೂ ಜನರಲ್ ಮ್ಯಾನೇಜರ್ ಆಗಿ ಸ್ಯಾಮ್ ಹಿಂಕಿ 2013ರ ಮೇದಾಗ ಬಂದ್ರು, 2016ರ ಏಪ್ರಿಲ್‌ನಾಗ ಬಿಟ್ಟು ಹೋದ್ರು. ಮೂರು ಸೀಸನ್‌ದಾಗ ಗೆಲುವು 19, 18, 10. ಅವರೂ ಕೊನೇ_ಕ್ವಾರ್ಟರ್ ಹೇಳಿದಂಗ ಅವಕಾಶ ಕೂಡಿಸಿದವರ. ಎರಡನೇ ಸುತ್ತಿನ ಪಿಕ್ ಅಂತೂ ರಾಶಿಗಟ್ಟಲೆ. ಹಂಗಿದ್ರೂ ಆ ತಂಡ 2025ರ ತನಕ ಪ್ಲೇಆಫ್‌ನ ಎರಡನೇ ಸುತ್ತು ದಾಟಿಲ್ಲ. ಯಾಕ?

ಮೊದಲನೇದು, ಒಂದ ಜಾಗಾಕ್ಕ ಮೂರು ಮಂದಿ. 2013ರಾಗ ನರ್ಲೆನ್ಸ್ ನೋಯೆಲ್, 2014ರಾಗ ಜೋಯೆಲ್ ಎಂಬೀಡ್, 2015ರಾಗ ಜಲೀಲ್ ಓಕಾಫೋರ್. ಮೂವರೂ ಸೆಂಟರ್, ಅಂದ್ರ ಬಾಸ್ಕೆಟ್ ಹತ್ರ ಆಡೂ ಎತ್ತರದ ಮಂದಿ. "ಇದ್ದವರೊಳಗ ಶಾಣ್ಯಾನ್ನ ತಗೋ, ಜಾಗಾ ಆಮ್ಯಾಲೆ ನೋಡೂಣು" ಅನ್ನೂದು ಕಾಗದದ ಮ್ಯಾಲೆ ಖರೇ. ಆದ್ರ ಇಬ್ಬರು ಸೆಂಟರ್ ಬಾಸ್ಕೆಟ್ ಕೆಳಗ ನಿಂತ್ರ ಚೆಂಡು ತಗೊಂಡು ಒಳಗ ನುಗ್ಗಾಕ ದಾರಿ ಇರಂಗಿಲ್ಲ. ಒಬ್ಬಾಂವ ಬೆಂಚ್ ಮ್ಯಾಲೆ ಕುಂತ್ರ ಅವನ ಬೆಲೆ ಇಳೀತದ. ನೋಯೆಲ್, ಓಕಾಫೋರ್ ಇಬ್ಬರನ್ನೂ ಮಾರೂ ಹೊತ್ತಿಗೆ ಕೈಗೆ ಬಂದದ್ದು ಅಲ್ಪ. ಮಾರೂದಿದ್ರ ಮೊದಲನೇ ವರ್ಷನ ಮಾರಬೇಕಿತ್ತು.

ಎರಡನೇದು ಗಾಯ. ಎಂಬೀಡ್ ಪಾದದ ಎಲುಬು ಮುರಕೊಂಡು ಮೊದಲ ಎರಡು ಸೀಸನ್ ಪೂರಾ ಹೊರಗಿದ್ದ. ಕಾಂಟ್ರಾಕ್ಟ್‌ನ ಗಡಿಯಾರ ಮಾತ್ರ ನಿಲ್ಲಲಿಲ್ಲ.

ಮೂರನೇದು, ನಡುವ ಕೈ ಬದಲಾತು. 2017ರಾಗ ಹೊಸ ಆಡಳಿತ ಬಾಸ್ಟನ್‌ಗೆ 3ನೇ ಪಿಕ್ ಜೋಡಿ ಮುಂದಿನ ಒಂದು ಮೊದಲ ಸುತ್ತಿನ ಪಿಕ್ ಕೊಟ್ಟು 1ನೇ ಪಿಕ್ ತಂದು ಮಾರ್ಕೆಲ್ ಫಲ್ಟ್ಸ್‌ನ ಆರಿಸ್ತು. ಬಾಸ್ಟನ್ ಅದ 3ನೇ ಪಿಕ್‌ಲೇ ಜೇಸನ್ ಟೇಟಮ್‌ನ ಹಿಡೀತು. ಫಲ್ಟ್ಸ್‌ನ ಭುಜದ ನರದ ತ್ರಾಸು, ಶಾಟ್ ಕೆಟ್ಟದ್ದು ಎಲ್ಲಾರಿಗೂ ಗೊತ್ತದ. ನನಗ ಚುಚ್ಚೂದು ಬ್ಯಾರೆ: ನಾಲ್ಕು ವರ್ಷ ಅವಕಾಶ ಕೂಡಿಸಿದವರು, ಒಬ್ಬನ್ನ ಖಾತ್ರಿ ಮಾಡ್ಕೊಳ್ಳಾಕ ಎರಡು ಅವಕಾಶ ಕೊಟ್ಟುಬಿಟ್ರು.

ಎಡಗೈ_ಲೇಅಪ್:

ಪಿಕ್ ಕೂಡಿಸುವುದು ಅಂತ ಎಲ್ಲರೂ ಹೇಳುತ್ತಿದ್ದೀರಿ. ಸುಮ್ಮನೆ ಯಾರೂ ಕೊಡುವುದಿಲ್ಲವಲ್ಲ? ಸ್ಟಾರ್ ಆಟಗಾರನನ್ನು ಮಾರುವುದು ಬಿಟ್ಟರೆ ಬೇರೆ ಏನು ದಾರಿ? ಪ್ರೊಟೆಕ್ಷನ್, ಸ್ವಾಪ್ ಅನ್ನುವುದನ್ನೂ ಯಾರಾದರೂ ಉದಾಹರಣೆ ಕೊಟ್ಟು ಹೇಳಿ.

ಕೊನೇ_ಕ್ವಾರ್ಟರ್:

ಮುಖ್ಯ ದಾರಿ ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ) ಖಾಲಿ ಇಟ್ಟುಕೊಂಡ ಜಾಗ. ಗೆಲ್ಲಲು ಹೊರಟ ತಂಡದ ಬಳಿ ಬೇಡವಾದ ದೊಡ್ಡ ಸಂಬಳ ಒಂದು ಇದ್ದೇ ಇರುತ್ತದೆ. ಅದನ್ನು ನೀವು ಹೊತ್ತುಕೊಂಡರೆ ಕೂಲಿಯಾಗಿ ಪಿಕ್ ಕೊಡುತ್ತಾರೆ.

ಥಂಡರ್‌ನ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಇದನ್ನು ಮತ್ತೆ ಮತ್ತೆ ಮಾಡಿದರು. 2020ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಿಂದ ಆಲ್ ಹಾರ್ಫರ್ಡ್‌ನ ಸಂಬಳ ಹೊತ್ತರು, ಜೊತೆಗೆ 2025ರ ಮೊದಲ ಸುತ್ತಿನ ಪಿಕ್ ಬಂತು. ಆರು ತಿಂಗಳ ನಂತರ ಅದೇ ಹಾರ್ಫರ್ಡ್‌ನನ್ನು ಬಾಸ್ಟನ್‌ಗೆ ಕೊಟ್ಟು ಕೆಂಬಾ ವಾಕರ್‌ನ ಇನ್ನೂ ಭಾರವಾದ ಸಂಬಳ ತೆಗೆದುಕೊಂಡರು, ಅದಕ್ಕೆ 2021ರ 16ನೇ ಪಿಕ್. ಅಂದರೆ ಒಂದೇ ಜಾಗವನ್ನು ಎರಡು ಸಲ ಬಾಡಿಗೆಗೆ ಕೊಟ್ಟಂತೆ. ಯೂಟಾದಿಂದ ಡೆರಿಕ್ ಫೇವರ್ಸ್‌ನನ್ನು ತೆಗೆದುಕೊಂಡಾಗಲೂ ಮೊದಲ ಸುತ್ತಿನ ಪಿಕ್ ಬಂತು.

ಪ್ರೊಟೆಕ್ಷನ್ ಅಂದರೆ ಕೊಡುವವರ ಕಾವಲು. ಮೇಲಿನ ಹಾರ್ಫರ್ಡ್ ಪಿಕ್‌ಗೆ "ಮೊದಲ ಆರರಲ್ಲಿ ಬಂದರೆ ನಮ್ಮದೇ" ಅನ್ನುವ ಷರತ್ತಿತ್ತು. 2024-25ರಲ್ಲಿ ಫಿಲಡೆಲ್ಫಿಯಾ 24-58ಕ್ಕೆ ಕುಸಿದು ಲಾಟರಿಯಲ್ಲಿ 3ನೇ ಪಿಕ್ ಪಡೆಯಿತು. ಷರತ್ತಿನಿಂದಾಗಿ ಅದು ಥಂಡರ್ ಕೈಗೆ ಬರಲಿಲ್ಲ. ಕ್ಲಿಪ್ಪರ್ಸ್‌ನಿಂದ ಬಂದ 2022ರ ಪಿಕ್‌ಗೆ ಯಾವ ಕಾವಲೂ ಇರಲಿಲ್ಲ, ಅದಕ್ಕೇ ಜೇಲನ್ ವಿಲಿಯಮ್ಸ್ ಸಿಕ್ಕ. ಪಿಕ್‌ಗಳ ಎಣಿಕೆ ಹೇಳುವಾಗ ಷರತ್ತು ಓದದೆ ಹೇಳಿದರೆ ಲೆಕ್ಕ ತಪ್ಪುತ್ತದೆ.

ಸ್ವಾಪ್ ಅಂದರೆ ಇಬ್ಬರ ಪಿಕ್‌ಗಳಲ್ಲಿ ಮೇಲಿನದನ್ನು ಆರಿಸುವ ಹಕ್ಕು. ಪಾಲ್ ಜಾರ್ಜ್ ಟ್ರೇಡ್‌ನಲ್ಲಿ ಐದು ಮೊದಲ ಸುತ್ತಿನ ಪಿಕ್ ಜೊತೆ ಎರಡು ಸ್ವಾಪ್ ಇದ್ದವು. 2025ರಲ್ಲಿ ಥಂಡರ್ 30ನೇ ಪಿಕ್ ಕೊಟ್ಟು ಕ್ಲಿಪ್ಪರ್ಸ್‌ನ 24ನೆಯದನ್ನು ಪಡೆದರು. ಸ್ವಾಪ್ ಏಕೆ ಹುಟ್ಟಿತು ಅಂದರೆ, ಸತತ ಎರಡು ವರ್ಷದ ಮುಂದಿನ ಮೊದಲ ಸುತ್ತಿನ ಪಿಕ್ ಕೈಬಿಡಬಾರದು ಎಂಬ ಸ್ಟೆಪಿಯನ್ ನಿಯಮವಿದೆ. ಒಂದು ವರ್ಷ ಪಿಕ್, ನಡುವಿನ ವರ್ಷ ಸ್ವಾಪ್ ಅಂತ ಹೆಣೆದರೆ ನಿಯಮ ಮುರಿಯದೆ ಏಳು ವರ್ಷದವರೆಗೆ ಕೈ ಚಾಚಬಹುದು.

ಕಾವಲು ಹಾಕಿದ ಪಿಕ್ ಆಟವನ್ನೇ ಕೆಡಿಸುವುದೂ ಉಂಟು. 2023ರ ಏಪ್ರಿಲ್‌ನಲ್ಲಿ ಡಲ್ಲಸ್‌ಗೆ ಇನ್ನೂ ಪ್ಲೇ-ಇನ್ (ಪ್ಲೇಆಫ್‌ನ ಕೊನೆಯ ಸ್ಥಾನಗಳಿಗಾಗಿ ನಡೆಯುವ ಪಂದ್ಯಗಳು) ಅವಕಾಶ ಇತ್ತು. ಆದರೆ ಮೊದಲ ಹತ್ತರಲ್ಲಿ ಬಂದರಷ್ಟೇ ತನ್ನ ಪಿಕ್ ನ್ಯೂಯಾರ್ಕ್‌ಗೆ ಹೋಗದೆ ಉಳಿಯುತ್ತಿತ್ತು. ಷಿಕಾಗೋ ವಿರುದ್ಧ ಮುಖ್ಯ ಆಟಗಾರರನ್ನು ಕೂರಿಸಿ ಸೋತರು. ಲೀಗ್ 7,50,000 ಡಾಲರ್ ದಂಡ ಹಾಕಿತು. ಪಿಕ್ 10ನೆಯದಾಗಿ ಉಳಿಯಿತು. ಡ್ರಾಫ್ಟ್ ರಾತ್ರಿ ಆ 10ನೆಯದನ್ನು ಥಂಡರ್‌ನ 12ಕ್ಕೆ ಬದಲಿಸಿಕೊಂಡರು, ಏಕೆಂದರೆ ಥಂಡರ್ ಡೇವಿಸ್ ಬೆರ್ಟಾನ್ಸ್‌ನ ಸಂಬಳವನ್ನೂ ಹೊತ್ತಿತು. ಆ ಎರಡು ಮೆಟ್ಟಿಲಿನಲ್ಲಿ ಬಂದವನು ಕೇಸನ್ ವಾಲೇಸ್. ಡಲ್ಲಸ್‌ಗೂ ನಷ್ಟವಾಗಲಿಲ್ಲ, 12ರಲ್ಲಿ ಡೆರೆಕ್ ಲೈವ್ಲಿ ಸಿಕ್ಕ.

ರೀಬೌಂಡ್_ರಾಣಿ:

ಪಿಕ್ ಸಿಕ್ಕ ಮೇಲೆ ಯಾರನ್ನು ಆರಿಸುವುದು ಅನ್ನುವುದನ್ನು ಇಲ್ಲಿ ಯಾರೂ ಮುಟ್ಟಿಲ್ಲ. ಅದೇ ಅರ್ಧ ಕೆಲಸ.

ಕಾಲೇಜಿನ ಒಂದು ಸೀಸನ್‌ನಲ್ಲಿ ಒಬ್ಬ ಹುಡುಗ ಹಾಕುವ ಮೂರಂಕದ ಶಾಟ್ (ದೂರದಿಂದ ಹಾಕಿದರೆ ಮೂರು ಅಂಕ) ಹೆಚ್ಚೆಂದರೆ ನೂರೈವತ್ತು, ಇನ್ನೂರು. ಆ ಶೇಕಡಾವಾರಿನಲ್ಲಿ ಅದೃಷ್ಟದ ಪಾಲು ದೊಡ್ಡದು. ಅದಕ್ಕೇ ಸ್ಕೌಟ್‌ಗಳು ಫೌಲ್ ಆದಾಗ ಸಿಗುವ ಫ್ರೀ ಥ್ರೋ ನೋಡುತ್ತಾರೆ: ದೂರ ಒಂದೇ, ಅಡ್ಡ ಬರುವವರಿಲ್ಲ, ಕೈಯ ಅಭ್ಯಾಸ ಅಲ್ಲಿ ಕಾಣುತ್ತದೆ. ಮೇಲೆ ಹೇಳಿದ ಫಲ್ಟ್ಸ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೂರಂಕದಲ್ಲಿ ಶೇ. 41.3, ಫ್ರೀ ಥ್ರೋನಲ್ಲಿ ಶೇ. 64.9. ಎರಡೂ ಹೊಂದುವುದಿಲ್ಲ. ಭುಜದ ತೊಂದರೆಯನ್ನು ಇದು ಮುಂಚೆ ಹೇಳುತ್ತಿರಲಿಲ್ಲ ನಿಜ, ಆದರೆ "ಶಾಟ್ ಖಚಿತ" ಅನ್ನುವ ಮಾತಿಗೆ ಆಧಾರ ತೆಳುವಾಗಿತ್ತು.

ಎರಡನೆಯದು ಅಳತೆ. ಜೇಲನ್ ವಿಲಿಯಮ್ಸ್ ಸಾಂಟಾ ಕ್ಲಾರಾ ಎಂಬ ಚಿಕ್ಕ ಕಾಲೇಜಿನಿಂದ ಬಂದವನು. ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಅಳೆದು ಪರೀಕ್ಷಿಸುವ ಷಿಕಾಗೋದ ಕಂಬೈನ್‌ನಲ್ಲಿ ತೋಳು ಚಾಚಿ ಅಳೆದಾಗ ಏಳು ಅಡಿ ಎರಡು ಇಂಚು ದಾಟಿತು. ಆ ಉದ್ದ, ಜೊತೆಗೆ ಡ್ರಿಬಲ್, ಪಾಸ್, ಶೂಟ್ ಮೂರನ್ನೂ ನಡೆಯುತ್ತಿರುವಾಗಲೇ ನಿರ್ಧರಿಸುವ ಗುಣ. ಥಂಡರ್ ಆರಿಸಿದವರನ್ನು ಸಾಲಾಗಿ ನೋಡಿದರೆ ಇದೇ ಜೋಡಿ ಮತ್ತೆ ಮತ್ತೆ ಕಾಣುತ್ತದೆ.

ಆದರೂ ತಪ್ಪಿದ್ದಾರೆ. 2020ರ 17ನೇ ಪಿಕ್ ಪೊಕುಷೆವ್‌ಸ್ಕಿ ನಿಲ್ಲಲಿಲ್ಲ. 2022ರಲ್ಲಿ ಮೂರು ಮೊದಲ ಸುತ್ತಿನ ಪಿಕ್ ಸುರಿದು 11ರಲ್ಲಿ ಉಸ್ಮಾನ್ ಡಿಯೆಂಗ್‌ನನ್ನು ತಂದರು, ಅವನು ಗೆದ್ದ ತಂಡದಲ್ಲಿ ಬೆಂಚಿನ ಕೊನೆಯವನು. ಅದೇ ರಾತ್ರಿ ಮುಂದಿನ 12ನೇ ಪಿಕ್‌ನಲ್ಲಿ ವಿಲಿಯಮ್ಸ್. ಇನ್ನೊಂದು: ಕೊನೇ_ಕ್ವಾರ್ಟರ್ ಹೇಳಿದ ಆ 16ನೇ ಪಿಕ್ ಅನ್ನು ಥಂಡರ್ ಹ್ಯೂಸ್ಟನ್‌ಗೆ ಎರಡು ಮುಂದಿನ ಪಿಕ್‌ಗಳಿಗೆ ಮಾರಿತು. ಹ್ಯೂಸ್ಟನ್ ಅದರಲ್ಲಿ ಆಲ್ಪೆರೆನ್ ಶೆಂಗುನ್‌ನನ್ನು ಆರಿಸಿತು, ಅವನು 2025ರಲ್ಲಿ ಆಲ್-ಸ್ಟಾರ್. ಇಷ್ಟು ದೊಡ್ಡ ತಪ್ಪನ್ನು ತಡೆದುಕೊಳ್ಳುವ ಶಕ್ತಿ ಬಂದಿದ್ದು ಪಿಕ್‌ಗಳ ಸಂಖ್ಯೆಯಿಂದಲೇ.

ವೈದ್ಯಕೀಯ ವಿಚಾರ ಒಂದು ಮಾತು. ಮೊದಲೆಲ್ಲ ಏಜೆಂಟರು ತಮಗೆ ಬೇಡದ ತಂಡಕ್ಕೆ ಹುಡುಗನ ವರದಿ ಕೊಡುತ್ತಿರಲಿಲ್ಲ. ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದಲ್ಲಿ ಕಂಬೈನ್‌ನಲ್ಲಿ ಪರೀಕ್ಷೆಗೆ ಒಳಗಾಗುವುದನ್ನು ಕಡ್ಡಾಯ ಮಾಡಿದರು. ಸಣ್ಣ ತಂಡಗಳಿಗೆ ಇದು ದೊಡ್ಡ ಉಪಕಾರ.

ತುಂಗಾ_ತೀರ:

ರಾಣಿಯವರೇ, ಆರಿಸುವುದು ಅರ್ಧ ಅಂದಿರಿ. ಬೆಳೆಸುವುದು ಇನ್ನರ್ಧ, ಅದಕ್ಕೆ ಡೆಟ್ರಾಯ್ಟ್‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ.

2021ರ ಮೊದಲ ಪಿಕ್ ಕೇಡ್ ಕನಿಂಗ್‌ಹ್ಯಾಮ್. 2022ರಲ್ಲಿ 5ನೇ ಪಿಕ್ ಜೇಡನ್ ಐವಿ, 13ರಲ್ಲಿ ಜೇಲನ್ ಡ್ಯೂರೆನ್. 2023ರಲ್ಲಿ 5ನೇ ಪಿಕ್ ಆಸಾರ್ ಥಾಂಪ್ಸನ್. ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೂ 2023-24ರಲ್ಲಿ ಸತತ 28 ಸೋಲು, ಕೊನೆಗೆ 14-68. ಕಾರಣ ಅಂಗಳದಲ್ಲೇ ಕಾಣುತ್ತಿತ್ತು. ಆಸಾರ್ ಆ ವರ್ಷ ಮೂರಂಕದಲ್ಲಿ ಶೇ. 18.6. ಡ್ಯೂರೆನ್ ಹೊರಗಿಂದ ಹಾಕುವವನೇ ಅಲ್ಲ. ಎದುರಾಳಿ ಇವರಿಬ್ಬರನ್ನು ಬಿಟ್ಟು ಪೇಂಟ್‌ನಲ್ಲಿ (ಬಾಸ್ಕೆಟ್ ಮುಂದಿನ ಜಾಗ) ಕಿಕ್ಕಿರಿದು ನಿಂತರೆ ಕೇಡ್ ಪಿಕ್-ಅಂಡ್-ರೋಲ್‌ನಲ್ಲಿ (ಜೊತೆಗಾರ ಡಿಫೆಂಡರ್‌ಗೆ ಅಡ್ಡ ನಿಂತಾಗ ಪಕ್ಕದಿಂದ ನುಗ್ಗುವ ಆಟ) ತಿರುಗಿದ ಕೂಡಲೇ ಮೂರನೇ ಡಿಫೆಂಡರ್ ಎದುರಿಗೆ. ಪಾಸ್ ಕೊಟ್ಟರೂ ಹೊರಗೆ ಹಾಕುವವನಿಲ್ಲ. ಚೆಂಡು ಎದುರಾಳಿ ಕೈ ಸೇರದೆ ಏನಾಗುತ್ತದೆ? ಹುಡುಗರು ಕಲಿಯುವ ಬದಲು ಕೆಟ್ಟ ಅಭ್ಯಾಸ ಬೆಳೆಸಿಕೊಳ್ಳುವುದು ಇಂಥ ತಂಡದಲ್ಲೇ.

2024ರ ಬೇಸಿಗೆಯಲ್ಲಿ ತಂಡ ಕಟ್ಟುವ ಹೊಣೆಗೆ ಟ್ರೇಜನ್ ಲ್ಯಾಂಗ್ಡನ್ ಬಂದರು. ಒಂದೇ ಸೀಸನ್ ನಡೆಸಿದ್ದ ಕೋಚ್ ಮಾಂಟಿ ವಿಲಿಯಮ್ಸ್‌ರನ್ನು ಬಿಟ್ಟು ಜೆ.ಬಿ. ಬಿಕರ್‌ಸ್ಟಾಫ್‌ರನ್ನು ತಂದರು. ಖರೀದಿಸಿದ್ದು ಸ್ಟಾರ್‌ಗಳನ್ನಲ್ಲ: ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್, ಟೋಬಾಯಸ್ ಹ್ಯಾರಿಸ್. ಬೀಸ್ಲಿ ಒಬ್ಬನೇ ಆ ಸೀಸನ್‌ನಲ್ಲಿ 319 ಮೂರಂಕ ಹಾಕಿದ. ಅದೇ ಕೇಡ್, ಅದೇ ಡ್ಯೂರೆನ್, ಅದೇ ಆಸಾರ್. ತಂಡ 44-38 ಮಾಡಿ ಪ್ಲೇಆಫ್ ಸೇರಿತು.

ಹಾಗಾಗಿ ಸೋಲುವ ವರ್ಷಗಳಲ್ಲೂ ಕನಿಷ್ಠ ಇಬ್ಬರು ನಂಬಿಕಸ್ತ ಶೂಟರ್, ಡಿಫೆಂಡರ್‌ಗೆ ಸರಿಯಾಗಿ ಅಡ್ಡ ನಿಂತು ಸ್ಕ್ರೀನ್ ಹಾಕುವ ಒಬ್ಬ ಹಿರಿಯ ಸೆಂಟರ್ ಇರಲೇಬೇಕು. ಅವರಿಂದ ಕೆಲವು ಪಂದ್ಯ ಹೆಚ್ಚು ಗೆಲ್ಲಬಹುದು. ಲೆಕ್ಕದ_ಪುಸ್ತಕ ತೋರಿಸಿದ ಹಾಗೆ ಲಾಟರಿಯಲ್ಲಿ ಅದರಿಂದ ಕಳೆದುಕೊಳ್ಳುವುದು ಬಹಳ ಕಡಿಮೆ.

ಥಂಡರ್ ಇದನ್ನು ಬೇರೆ ರೀತಿ ಮಾಡಿತು. ಕೋಚ್ ಮಾರ್ಕ್ ಡೈಗ್ನಾಲ್ಟ್ ಮೊದಲು ಅವರದೇ ಜಿ ಲೀಗ್ (ಎನ್‌ಬಿಎ ಕೆಳಗಿನ ಕಿರಿಯ ಲೀಗ್) ತಂಡ ಬ್ಲೂ ನಡೆಸುತ್ತಿದ್ದವರು. ಮೇಲೆ ಕೆಳಗೆ ಒಂದೇ ಪದ್ಧತಿಯ ಆಟ. ಡಾರ್ಟ್, ವಿಗಿನ್ಸ್ ಎರಡೂ ಲೀಗ್‌ನಲ್ಲಿ ಆಡಿಸಬಹುದಾದ ಟೂ-ವೇ ಕಾಂಟ್ರಾಕ್ಟ್‌ನಲ್ಲಿ ಶುರು ಮಾಡಿದರು. 2022ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಹೆಸರು ಮಾಡಿದ್ದ ಶೂಟಿಂಗ್ ಕೋಚ್ ಚಿಪ್ ಎಂಗೆಲಂಡ್‌ರನ್ನು ಕರೆತಂದರು.

ಲೆಕ್ಕದ_ಪುಸ್ತಕ:

ಗಡಿಯಾರದ ಮಾತು ಹುಬ್ಬಳ್ಳಿಯವರು ಎತ್ತಿದ್ದರು, ಅದನ್ನು ಮುಂದುವರಿಸುತ್ತೇನೆ.

ಮೊದಲ ಸುತ್ತಿನ ಕಾಂಟ್ರಾಕ್ಟ್ ನಾಲ್ಕು ವರ್ಷ: ಎರಡು ಖಾತ್ರಿ, ಮೂರನೆಯದು ನಾಲ್ಕನೆಯದು ತಂಡದ ಇಷ್ಟ. ಸಂಬಳ ಪಿಕ್ ಸಂಖ್ಯೆಗೆ ತಕ್ಕಂತೆ ನಿಗದಿ. 2024-25ರಲ್ಲಿ ಜೇಲನ್ ವಿಲಿಯಮ್ಸ್ ಸಂಬಳ ಸುಮಾರು 48 ಲಕ್ಷ ಡಾಲರ್, ಹೋಮ್‌ಗ್ರೆನ್‌ನದು ಸುಮಾರು 1.1 ಕೋಟಿ. ಕ್ಯಾಪ್ ಆಗ 14 ಕೋಟಿ ಚಿಲ್ಲರೆ. ಅಂದರೆ ತಂಡದ ಎರಡನೇ ಮೂರನೇ ಆಟಗಾರರು ಸೇರಿ ಕ್ಯಾಪ್‌ನ ಒಂಬತ್ತನೇ ಒಂದು ಭಾಗದಷ್ಟು. ಆ ಉಳಿತಾಯದಲ್ಲೇ ಐಸೇಯ ಹಾರ್ಟೆನ್‌ಸ್ಟೈನ್‌ಗೆ ಮೂರು ವರ್ಷಕ್ಕೆ 8.7 ಕೋಟಿ ಕೊಡಲು ಆಯಿತು.

ಮೂರು ಸೀಸನ್ ಮುಗಿದ ಮೇಲೆ ವಿಸ್ತರಣೆ ಮಾತುಕತೆ. ಗರಿಷ್ಠ ಸಾಮಾನ್ಯವಾಗಿ ಕ್ಯಾಪ್‌ನ ಶೇ. 25, ಆಲ್-ಎನ್‌ಬಿಎ ತಂಡಕ್ಕೆ (ಸೀಸನ್‌ನ ಶ್ರೇಷ್ಠ ಆಟಗಾರರ ಪಟ್ಟಿ) ಆಯ್ಕೆಯಂಥ ಗೌರವ ಬಂದರೆ 30ರವರೆಗೆ. 2025ರ ಜುಲೈನಲ್ಲಿ ಇಬ್ಬರಿಗೂ ಸಹಿ ಆಯಿತು, ಹೋಮ್‌ಗ್ರೆನ್‌ಗೆ ಐದು ವರ್ಷಕ್ಕೆ 25 ಕೋಟಿವರೆಗೆ, ವಿಲಿಯಮ್ಸ್‌ಗೆ 28.7 ಕೋಟಿವರೆಗೆ. ಎರಡೂ ಶುರುವಾಗುವುದು 2026-27ರಲ್ಲಿ. ಈಗ ಗಮನಿಸಿ: ಹಾರ್ಟೆನ್‌ಸ್ಟೈನ್‌ನ 2026-27 ತಂಡದ ಇಷ್ಟ. ಡಾರ್ಟ್‌ನ 2026-27 ಕೂಡ ತಂಡದ ಇಷ್ಟ. ದೊಡ್ಡ ಸಂಬಳ ಬರುವ ಬೇಸಿಗೆಗೆ ಸರಿಯಾಗಿ ಬಾಗಿಲು ತೆರೆಯುವ ಹಾಗೆ ವರ್ಷಗಳ ಮುಂಚೆ ಬರೆದಿಟ್ಟಿದ್ದಾರೆ. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಪಿಕ್ ಕೂಡಿಸುವವರು ಮರೆಯುವ ಇನ್ನೊಂದು ಮಿತಿ, ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿ) 15 ಜಾಗ, ಟೂ-ವೇ 3. ವರ್ಷಕ್ಕೆ ಮೂರು ನಾಲ್ಕು ಹೊಸಬರನ್ನು ತುಂಬಿದರೆ ಮೂರನೇ ವರ್ಷ ಯಾರಿಗೂ ಆಟದ ನಿಮಿಷ ಸಾಲುವುದಿಲ್ಲ. ಆಗ ಎರಡು ಪಿಕ್ ಕೊಟ್ಟು ಒಂದು ಮೇಲಿನದು, ಅಥವಾ ಇಂದಿನದು ಕೊಟ್ಟು ಐದು ವರ್ಷದ ಮುಂದಿನದು, ಹೀಗೆ ಉರುಳಿಸುತ್ತಿರಬೇಕು.

ಖಾಲಿ ಕ್ಯಾಪ್ ಜಾಗ ಇಟ್ಟುಕೊಳ್ಳುವುದೂ ಈಗ ಮೊದಲಿನಷ್ಟು ಸುಲಭವಲ್ಲ. 2023ರ ಒಪ್ಪಂದದ ಪ್ರಕಾರ ಸೀಸನ್ ಆರಂಭದ ಹೊತ್ತಿಗೇ ಕ್ಯಾಪ್‌ನ ಶೇ. 90ರಷ್ಟು ಸಂಬಳ ಇರಬೇಕು, ಇಲ್ಲದಿದ್ದರೆ ಲಕ್ಷುರಿ ತೆರಿಗೆಯ (ಅತಿ ಹೆಚ್ಚು ಸಂಬಳ ಕೊಡುವ ತಂಡಗಳು ಕಟ್ಟುವ ದಂಡ) ಹಂಚಿಕೆಯಲ್ಲಿ ಪೆಟ್ಟು. ಫೆಬ್ರವರಿಯ ಟ್ರೇಡ್ ಗಡುವಿನವರೆಗೆ ಜಾಗ ಕಾಯ್ದಿರಿಸಿ ಬೆಲೆ ಏರಿಸುವ ಆಟ ಬಹುಮಟ್ಟಿಗೆ ಮುಗಿದಿದೆ. ಹೊರುವ ಕೆಲಸ ಈಗ ಜುಲೈನಲ್ಲೇ ಆಗಬೇಕು.

ಎಡಗೈ_ಲೇಅಪ್:

ಇಷ್ಟೆಲ್ಲ ಸರಿ. ಆದರೆ ಥಂಡರ್ ಬಳಿ ಮಾರಲು ಪಾಲ್ ಜಾರ್ಜ್ ಇದ್ದ, ರಸೆಲ್ ವೆಸ್ಟ್‌ಬ್ರೂಕ್ ಇದ್ದ. ಮಾರಲು ಸ್ಟಾರೇ ಇಲ್ಲದ ತಂಡ ಏನು ಮಾಡಬೇಕು?

ಕೊನೇ_ಕ್ವಾರ್ಟರ್:

ನ್ಯಾಯವಾದ ಪ್ರಶ್ನೆ. ಕ್ಲಿಪ್ಪರ್ಸ್‌ನಂಥ ಟ್ರೇಡ್ ಎಲ್ಲರಿಗೂ ಸಿಗುವುದಿಲ್ಲ, ಅದನ್ನು ಮಾದರಿ ಅಂದುಕೊಂಡು ಕಾದರೆ ವರ್ಷಗಳು ಹೋಗುತ್ತವೆ. ಉತ್ತರ ತುಂಗಾ_ತೀರ ಹೇಳಿದ ಡೆಟ್ರಾಯ್ಟ್‌ನಲ್ಲೇ ಇದೆ.

2020ರಲ್ಲಿ ಅವರು ಕ್ಯಾಪ್ ಜಾಗ ಬಳಸಿ ಜೆರಾಮಿ ಗ್ರಾಂಟ್‌ಗೆ ಮೂರು ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟರು. ಆಗ ಅವನು ಡೆನ್ವರ್‌ನಲ್ಲಿ ಸಹಾಯಕ ಪಾತ್ರದವನು. ಡೆಟ್ರಾಯ್ಟ್‌ನಲ್ಲಿ ಚೆಂಡು ಅವನ ಕೈಗೆ ಕೊಟ್ಟರು, ಪಂದ್ಯಕ್ಕೆ ಇಪ್ಪತ್ತರ ಆಸುಪಾಸು ಅಂಕ ಬಂತು, ಬೆಲೆ ಏರಿತು. ಕಾಂಟ್ರಾಕ್ಟ್‌ನಲ್ಲಿ ಇನ್ನೂ ಒಂದು ವರ್ಷ ಇರುವಾಗಲೇ, 2022ರ ಜೂನ್‌ನಲ್ಲಿ ಪೋರ್ಟ್‌ಲ್ಯಾಂಡ್‌ಗೆ ಕೊಟ್ಟು ಮಿಲ್ವಾಕಿಯ 2025ರ ಮೊದಲ ಸುತ್ತಿನ ಪಿಕ್ ಪಡೆದರು. ಡ್ರಾಫ್ಟ್ ರಾತ್ರಿ ಆ ಪಿಕ್ ನ್ಯೂಯಾರ್ಕ್‌ಗೆ ಹೋಯಿತು. ನ್ಯೂಯಾರ್ಕ್‌ಗೆ ಆ ಬೇಸಿಗೆ ಸಂಬಳದ ಭಾರ ಇಳಿಸಬೇಕಿತ್ತು, ಕೆಂಬಾ ವಾಕರ್‌ನ ಕಾಂಟ್ರಾಕ್ಟ್ ಡೆಟ್ರಾಯ್ಟ್ ಹೊತ್ತಿತು. ಷಾರ್ಲಟ್ ಆರಿಸಿದ್ದ 13ನೇ ಪಿಕ್ ಈ ಮೂರು ತಂಡಗಳ ವ್ಯವಹಾರದಲ್ಲಿ ಡೆಟ್ರಾಯ್ಟ್ ಪಾಲಾಯಿತು. ಅವನೇ ಡ್ಯೂರೆನ್, 44 ಗೆದ್ದ ತಂಡದ ಆರಂಭಿಕ ಸೆಂಟರ್.

ಇಲ್ಲಿ ಸ್ಟಾರ್ ಮಾರಾಟ ಇಲ್ಲ. 26 ವರ್ಷದ, ಇನ್ನೂ ಬೆಳೆಯಬಲ್ಲ ಆಟಗಾರನನ್ನು ಕ್ಯಾಪ್ ಜಾಗದಲ್ಲಿ ಕೊಂಡು, ಕಾಂಟ್ರಾಕ್ಟ್ ಮುಗಿಯುವ ಮುಂಚೆ ಮಾರಿದ್ದು ಮೊದಲ ಹೆಜ್ಜೆ. ಇನ್ನೊಬ್ಬರ ಭಾರ ಹೊತ್ತಿದ್ದು ಎರಡನೆಯದು. ಮೂರನೆಯದು, ಆರಿಸಿದ ಹುಡುಗ ಕೇಡ್‌ಗಿಂತ ಎರಡು ವರ್ಷ ಚಿಕ್ಕವನು, ಅವನ ಕಾಂಟ್ರಾಕ್ಟ್ ಒಂದು ವರ್ಷ ತಡವಾಗಿ ಮುಗಿಯುತ್ತದೆ, ಹಾಗಾಗಿ ಇಬ್ಬರ ದೊಡ್ಡ ಸಂಬಳ ಒಂದೇ ಬೇಸಿಗೆಯಲ್ಲಿ ಶುರುವಾಗುವುದಿಲ್ಲ. ತಳದಲ್ಲಿರುವ ಯಾವ ತಂಡವೂ ಈ ಮೂರನ್ನು ಮಾಡಬಹುದು. ಮಾಡುವ ಮುಂಚೆ ಒಂದು ಷರತ್ತು: ತನ್ನದೇ ಮುಂದಿನ ಪಿಕ್ ಯಾರಿಗೂ ಬಾಕಿ ಇರಬಾರದು. ಇದ್ದರೆ ಮೊದಲ ಬೇಸಿಗೆ ಅದನ್ನು ವಾಪಸ್ ಕೊಳ್ಳುವುದಕ್ಕೇ ಮೀಸಲಿಡಿ.